ದಾರಿ ಹೇಳದ ಫೋನು

ವಸ್ತುಸಂಗ್ರಹಾಲಯದಲ್ಲಿ ಹಕ್ಕಿಗಳ ವಿಭಾಗ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಹಕ್ಕಿ ಮೇಡಂ ಎಂದೇ ಕರೆಯುತ್ತಿದ್ದರು. ಸತ್ತ ಹಕ್ಕಿಗಳ ಒಡಲಿಗೆ ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ, ಕಪಾಟಿನಲ್ಲಿ ಸಾಲಾಗಿ ಮಲಗಿಸುವುದು ಅವಳ ಸಂಬಳದ ಕೆಲಸ. ಬದುಕಿರುವ ಹಕ್ಕಿಗಳ ಹಿಂದೆ ಅಲೆಯುವುದು ಸಂಬಳವಿಲ್ಲದ ಕೆಲಸ. ಎರಡನೆಯದಕ್ಕೆ ಅವಳು ಒಂದು ದಿನವೂ ರಜೆ ಹಾಕಿದವಳಲ್ಲ.

ಊರಾಚೆ ಮುಚ್ಚಿಹೋದ ಕಲ್ಲುಗಣಿಯೊಂದಿತ್ತು. ಅದರ ಕಡಿದಾದ ಗೋಡೆಯ ನಡುವೆ ಚಾಚಿಕೊಂಡ ಬಂಡೆಯ ಮೇಲೆ ಕೊಂಬಿನ ಗೂಬೆಗಳ ಜೋಡಿಯೊಂದು ಮೊಟ್ಟೆ ಇಟ್ಟಿತ್ತು. ಆ ಸೀಮೆಯಲ್ಲಿ ಅಂಥ ಗೂಬೆ ಕಂಡು ಒಂದು ತಲೆಮಾರೇ ಕಳೆದಿತ್ತು. ಮೇಡಂ ದಿನಾ ಬೆಳಕು ಹರಿಯುವ ಮುಂಚೆ ಹೋಗಿ, ಎದುರು ಅಂಚಿನಲ್ಲಿ ಮಲಗಿ, ದುರ್ಬೀನಿನಲ್ಲಿ ನೋಡಿ ಬರುತ್ತಿದ್ದಳು. ವಿಷಯ ಗೊತ್ತಿದ್ದದ್ದು ಮನೆಯವರಿಗೆ ಮಾತ್ರ. ಗಂಡ ಗೂಡ್ಸ್ ರೈಲಿನ ಚಾಲಕ, ವಾರದಲ್ಲಿ ಅರ್ಧದಷ್ಟು ದಿನ ಊರಲ್ಲೇ ಇರುವುದಿಲ್ಲ. ಅವನ ತಂಗಿಗೆ ಪೇಟೆಯಲ್ಲಿ ಫೋನ್ ರಿಪೇರಿ ಅಂಗಡಿ. ಇನ್ನು ಉಳಿದದ್ದು ಅತ್ತೆ. ಅತ್ತೆ ಎದ್ದಾಗಿನಿಂದ ಮಲಗುವವರೆಗೆ ಮಾತಾಡುವ ಹೆಂಗಸು. ಅಡಿಗೆಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಾತ್ರೆಗಳ ಜೊತೆಗಾದರೂ ಮಾತಾಡುತ್ತಿದ್ದಳು.

ಒಂದು ಬೆಳಗ್ಗೆ ಮೇಡಂ ಹೋಗಿ ನೋಡಿದಾಗ ಚಾಚು ಖಾಲಿ. ಬಂಡೆಯ ಅಂಚಿನ ಪಾಚಿಯನ್ನು ಹಗ್ಗ ಉಜ್ಜಿ ಕೆರೆದಿತ್ತು. ಮೊಟ್ಟೆಗಳಿದ್ದ ಕಡೆ ಬೂಟಿನ ಅಚ್ಚು. ಗೂಬೆಗಳು ಎಲ್ಲೂ ಇರಲಿಲ್ಲ.

ಅವಳು ಮನೆಗೆ ಬಂದವಳೇ ಅತ್ತೆಯ ಎದುರು ನಿಂತಳು. "ಯಾರ ಹತ್ರ ಹೇಳಿದ್ರಿ ಅತ್ತೆ?"

"ಏನು ಹೇಳಿದ್ನೇ?"

"ಗಣಿ ವಿಷಯ. ಇನ್ಯಾರ ಬಾಯಿಂದ ಹೋಗಿರುತ್ತೆ ಹೇಳಿ?"

ಅತ್ತೆ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಏನೂ ಹೇಳಲಿಲ್ಲ. ಆ ದಿನವೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಮನೆಯಲ್ಲಿ ಅಂಥ ಮೌನ ಹಿಂದೆಂದೂ ಇರಲಿಲ್ಲ. ಗಡಿಯಾರದ ಟಿಕ್ ಟಿಕ್ ಆಗಲೇ ಮೊದಲ ಸಲ ಕೇಳಿಸಿದ್ದು ಎಂದು ಗಂಡ ಆಮೇಲೆ ಹೇಳಿದ.

ಅಮ್ಮನ ಮುಖ ನೋಡಲಾರದೆ ನಾದಿನಿಯೇ ಆ ವಾರ ಅತ್ತಿಗೆಯನ್ನು ಅಂಗಡಿಗೆ ಕರೆಸಿಕೊಂಡಳು. ಅಂಗಡಿ ಎಂದರೆ ಎರಡು ಆಳು ಅಗಲದ ಗೂಡು. ಬಿಚ್ಚಿದ ಫೋನುಗಳು, ಸುರುಳಿ ಸುತ್ತಿದ ತಂತಿಗಳು, ಬೆಸುಗೆಯ ಸುಟ್ಟ ವಾಸನೆ. ಅವಳು ಗಿರಾಕಿಗಳನ್ನು ಕಳಿಸಿ, ಕದ ಅರ್ಧ ಎಳೆದು, ದೊಡ್ಡ ಪರದೆಯನ್ನು ಅತ್ತಿಗೆಯ ಕಡೆ ತಿರುಗಿಸಿದಳು.

"ಅತ್ತಿಗೆ, ನೀವು ದಿನಾ ಎಷ್ಟು ನಡೆದ್ರಿ ಅಂತ ಲೆಕ್ಕ ಹಾಕೋಕೆ ಒಂದು ಆ್ಯಪ್ ಇಟ್ಕೊಂಡಿದ್ದೀರಲ್ಲ, ಅದರಲ್ಲಿ ನಿಮ್ಮ ಹೆಸರು ಏನು?"

"'ಹಕ್ಕಿ' ಅಂತ ಹಾಕಿದೀನಿ. ಯಾಕೆ?"

"ಇದು ಆ ಆ್ಯಪ್‌ನವರ ನಕ್ಷೆ. ಯಾರು ಬೇಕಾದ್ರೂ ನೋಡಬಹುದು. ನೋಡಿ."

ಪರದೆಯ ತುಂಬ ಕತ್ತಲು. ಕತ್ತಲಲ್ಲಿ ಊರು ಬೆಂಕಿಯ ಎಳೆಗಳಲ್ಲಿ ಬಿಡಿಸಿದಂತೆ ಹೊಳೆಯುತ್ತಿತ್ತು. ಮೇಡಂಗೆ ಒಂದು ಕ್ಷಣ ಸಿಟ್ಟು, ದುಃಖ ಎಲ್ಲ ಮರೆತುಹೋಯಿತು. ಮನೆಯಿಂದ ಹೊರಟು ಕೆಲಸಕ್ಕೆ ಹೋದ, ಆಸ್ಪತ್ರೆಗೆ ಓಡಿದ, ಕೆರೆಯ ಸುತ್ತ ಸುಮ್ಮನೆ ನಡೆದ ಸಾವಿರಾರು ಜನರ ಹೆಜ್ಜೆಗಳು ಒಂದರ ಮೇಲೊಂದು ಬಿದ್ದು ಬೀದಿಗಳಾಗಿದ್ದವು. ಹೆಚ್ಚು ಜನ ನಡೆದ ಕಡೆ ಬೆಳ್ಳಗೆ ಕಾದ ಕಬ್ಬಿಣದಂತೆ, ಕಡಿಮೆ ಜನ ನಡೆದ ಕಡೆ ಕೆಂಡದಂತೆ. ಇಷ್ಟು ಚೆಂದದ ಊರು ತನ್ನದು ಎಂದು ಅವಳು ತಿಳಿದಿರಲಿಲ್ಲ.

ಆಮೇಲೆ ಅವಳ ಕಣ್ಣಿಗೆ ಬಿತ್ತು. ಊರಿನ ಬೆಳಕಿನಿಂದ ಬೇರೆಯಾಗಿ ಒಂದೇ ಒಂದು ತೆಳು ಎಳೆ ಹೊರಗೆ ಹರಿದಿತ್ತು. ಯಾರೂ ಹೋಗದ ಕಡೆ ಹೋಗಿ, ಕಲ್ಲುಗಣಿಯ ಅಂಚಿನಲ್ಲಿ ಒಂದು ಚುಕ್ಕೆಯಾಗಿ ನಿಂತಿತ್ತು. ನಾದಿನಿ ಅದರ ಮೇಲೆ ಒತ್ತಿದಳು. 'ಹಕ್ಕಿ' ಎಂದು ಹೆಸರು ಬಂತು.

"ಇದು ನಾನು," ಎಂದಳು ಮೇಡಂ. "ನಾನೇ ದಾರಿ ತೋರಿಸಿದೀನಿ."

ಆ್ಯಪನ್ನು ಅಳಿಸಿಹಾಕಲು ಹೋದ ಅವಳ ಕೈಯನ್ನು ನಾದಿನಿ ಹಿಡಿದಳು. ದೂರು ಕೊಡುವುದಾದರೆ ಸಾಕ್ಷಿಗೆ ಬೇಕಾಗುತ್ತದೆ ಎಂದಳು. ವನ್ಯಜೀವಿ ಕಚೇರಿಯಲ್ಲಿ ದೂರು ಕೊಟ್ಟದ್ದೂ ಆಯಿತು. ಅಲ್ಲಿನ ಅಧಿಕಾರಿಣಿ ಎಲ್ಲ ಕೇಳಿಸಿಕೊಂಡು, ನಕ್ಷೆಯನ್ನು ಲೋಕವೇ ನೋಡಬಹುದಾದ ಮೇಲೆ ಯಾರೆಂದು ಹುಡುಕಲಿ ಎಂದು ನಿಟ್ಟುಸಿರು ಬಿಟ್ಟಳು.

ಅವತ್ತು ಸಂಜೆ ಮೇಡಂ ಅತ್ತೆಯ ಪಕ್ಕ ಹೋಗಿ ಕೂತಳು. "ತಪ್ಪಾಯ್ತು ಅತ್ತೆ. ಬಾಯಿ ಬಿಟ್ಟಿದ್ದು ನೀವಲ್ಲ, ನನ್ನ ಫೋನು."

ಅತ್ತೆ ತಲೆ ಎತ್ತಿ ಕೇಳಿದಳು: "ಅಂದ್ರೆ ನನಗಿಂತ ದೊಡ್ಡ ಬಾಯಿ ಅದರದ್ದು ಅಂತಾಯ್ತು?"

"ಹೌದು."

"ಸರಿ ಹಾಗಾದ್ರೆ," ಎಂದು ಅತ್ತೆ ಅಷ್ಟು ದಿನ ಕೂಡಿಟ್ಟಿದ್ದ ಮಾತನ್ನೆಲ್ಲ ಒಂದೇ ಸಲ ಸುರಿದಳು. ಮನೆಗೆ ಜೀವ ಬಂತು.

ವರ್ಷ ತಿರುಗಿ ಚಳಿ ಬಂತು. ಒಂದು ಮುಸ್ಸಂಜೆ ಗಂಡನನ್ನು ಕರೆತರಲು ರೈಲು ನಿಲ್ದಾಣಕ್ಕೆ ಹೋಗಿದ್ದ ಮೇಡಂ ತಟ್ಟನೆ ನಿಂತುಬಿಟ್ಟಳು. ನದಿಯ ಕಡೆಯಿಂದ ಒಂದು ದನಿ. ಖಾಲಿ ಹಂಡೆಯ ಒಳಗೆ ಯಾರೋ ಊದಿದಂಥ, ಮೈಯೆಲ್ಲ ನಡುಗಿಸುವ ಗಂಭೀರ ದನಿ. ಸ್ವಲ್ಪ ಹೊತ್ತಿಗೆ ಅದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. ರೈಲುಗಳು ಓಡುವುದು ನಿಂತುಹೋಗಿದ್ದ ಹಳೆಯ ಸೇತುವೆಯ ಕಲ್ಲಿನ ಕಂಬದಲ್ಲಿ ಗೂಬೆಗಳು ಮನೆ ಹೂಡಿದ್ದವು.

ಹೋಗದೆ ಇರುವುದು ಅವಳಿಂದಾಗದು. ಆದರೆ ಹೇಗೆ ಹೋಗುವುದು?

"ಫೋನು ಮನೇಲೇ ಬಿಟ್ಟು ಹೋಗಿ, ಮುಗೀತು," ಎಂದಳು ನಾದಿನಿ.

"ಅದು ಬೇಡ," ಎಂದ ಗಂಡ. ಹಿಂದೊಮ್ಮೆ ಅವಳು ಬಂಡೆಯಿಂದ ಜಾರಿ ಪಾದ ಮುರಿದುಕೊಂಡಾಗ, ಫೋನು ಇದ್ದದ್ದಕ್ಕೆ ಬದುಕಿ ಬಂದಿದ್ದಳು. "ಫೋನು ಜೊತೇಲಿರಬೇಕು, ಆದ್ರೆ ಬಾಯಿ ಮುಚ್ಕೊಂಡಿರಬೇಕು. ಅಂಥದ್ದು ಏನಾದ್ರೂ ಇದೆಯಾ ನೋಡು."

"ಇದೆ," ಎಂದಳು ನಾದಿನಿ. "ಆದ್ರೆ ಆರಿಸೋದು ನೀವೇ ಅತ್ತಿಗೆ. ನಾನು ಆರಿಸಿಕೊಟ್ಟು, ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ಮೇಲೆ ಗೂಬೆ ಕೂರಿಸ್ತೀರಿ."

"ಕೂರೋದಾದ್ರೆ ಕೂರಲಿ, ಎಲ್ಲಿದೆ ಅಂತಾದ್ರೂ ಗೊತ್ತಿರುತ್ತೆ," ಎಂದಳು ಅತ್ತೆ. ಎಲ್ಲರೂ ನಕ್ಕರು.

ಭಾನುವಾರ ಅತ್ತೆ ಸೊಸೆಯರ ಎದುರು ಅಂಗಡಿಯ ಮೇಜಿನ ಮೇಲೆ ನಾದಿನಿ ಫೋನುಗಳನ್ನು ಹರಡಿದಳು. ಮೊದಲು ಅತ್ತಿಗೆಯ ಹಳೆಯ ಫೋನನ್ನು ಬೋರಲು ಹಾಕಿ, ಅದರ ಇಂಟರ್ನೆಟ್ ತನ್ನ ಕಂಪ್ಯೂಟರಿನ ಮೂಲಕವೇ ಹಾದುಹೋಗುವಂತೆ ಮಾಡಿದಳು. "ಯಾರೂ ಮುಟ್ಟಬೇಡಿ. ಸುಮ್ಮನೆ ನೋಡ್ತಿರಿ."

ಮೇಜಿನ ಮೇಲೆ ಫೋನು ನಿದ್ದೆ ಮಾಡುತ್ತಿರುವಂತೆ ಬಿದ್ದಿತ್ತು. ಪರದೆಯ ಮೇಲೆ ಮಾತ್ರ ಸಾಲಿನ ಮೇಲೆ ಸಾಲು ಏರತೊಡಗಿತು. ಹವಾಮಾನ ಹೇಳುವ ಆ್ಯಪು, ಟಾರ್ಚಿನ ಆ್ಯಪು, ಎಂದೋ ಒಮ್ಮೆ ಆಡಿ ಮರೆತ ಆಟ, ಹೆಸರೇ ಕೇಳಿರದ ಜಾಹೀರಾತು ಕಂಪನಿಗಳು. ಒಂದು ಕೇಳುತ್ತಿತ್ತು, ಇನ್ನೊಂದು ಹೇಳುತ್ತಿತ್ತು. ಒಂದು ಕ್ಷಣ ನಿಂತು ಮತ್ತೆ ಶುರು. ಮೂವರು ಹೆಂಗಸರೂ ಉಸಿರು ಬಿಗಿಹಿಡಿದು ನೋಡಿದರು.

"ಅಯ್ಯಯ್ಯೋ," ಎಂದಳು ಅತ್ತೆ. "ಇದು ಉಸಿರಾಡೋದು ಯಾವಾಗ?"

ಹೀಗೆ ಬಾಯಿ ಬಿಡದ ವ್ಯವಸ್ಥೆಗಳು ಮೂರಿದ್ದವು. ಫೋನಿನ ಒಳಗೆ ಎಲ್ಲಕ್ಕೂ ಬುಡವಾಗಿರುವ ತಂತ್ರಾಂಶವನ್ನೇ ತೆಗೆದು ಇವುಗಳಲ್ಲಿ ಒಂದನ್ನು ಹಾಕಬೇಕು ಎಂದು ನಾದಿನಿ ವಿವರಿಸಿದಳು. ಮೊದಲನೆಯದು ಹೆಚ್ಚುಕಡಿಮೆ ಯಾವ ಹಳೆಯ ಫೋನಿಗೂ ಒಗ್ಗುತ್ತದೆ, ಬಳಸಲು ಸಲೀಸು. ಆದರೆ ಇವರ ಹಳೆಯ ಫೋನಿನಲ್ಲಿ ಅದನ್ನು ಹಾಕಿದರೆ ತಂತ್ರಾಂಶವನ್ನು ಯಾರೂ ಬದಲಿಸದಂತೆ ಕಾಯುವ ಒಳಬಾಗಿಲಿನ ಬೀಗ ಮತ್ತೆ ಬೀಳುವುದಿಲ್ಲ. ಫೋನು ಪರರ ಕೈಗೆ ಸಿಕ್ಕರೆ ಏನನ್ನಾದರೂ ಒಳಗೆ ತುರುಕಬಹುದು. ಎರಡನೆಯದು ಬೇರೆ ಜಾತಿಯದೇ, ಪುಟ್ಟ ಕಂಪ್ಯೂಟರಿನಂತೆ. ಮೇಡಂ ಅದನ್ನು ಹಾಕಿದ್ದ ಫೋನಿನಲ್ಲಿ ಅಂಗಡಿಯ ಮಬ್ಬು ಮೂಲೆಯ ಫೋಟೋ ತೆಗೆದಳು. ಕೆಸರು ಎರಚಿದಂತೆ ಬಂತು. ಮುಂಜಾವಿನ ಬೆಳಕಿನಲ್ಲಿ ಇದರಿಂದ ಏನೂ ಪ್ರಯೋಜನವಿಲ್ಲ ಎಂದು ಪಕ್ಕಕ್ಕಿಟ್ಟಳು.

ಮೂರನೆಯದು ಒಂದೇ ಕಂಪನಿಯ ಕೆಲವು ಫೋನುಗಳಿಗೆ ಮಾತ್ರ ಒಗ್ಗುವಂಥದ್ದು. ನಾದಿನಿಯ ಬಳಿ ಅಂಥದ್ದೊಂದು ಸೆಕೆಂಡ್ ಹ್ಯಾಂಡ್ ಇತ್ತು. "ಇದರಲ್ಲಿ ಬೀಗ ವಾಪಸ್ ಹಾಕಬಹುದು. ಪ್ರತಿ ಆ್ಯಪೂ ಅದರದರ ಕೋಣೇಲಿ ಇರುತ್ತೆ, ಪಕ್ಕದ ಕೋಣೆ ಕಾಣಲ್ಲ. ಯಾವುದಕ್ಕೆ ಇಂಟರ್ನೆಟ್ ಬೇಡ ಅಂತೀರೋ ಅದಕ್ಕೆ ಪೂರ್ತಿ ನಿಲ್ಲಿಸಬಹುದು. ಇದರ ಕ್ಯಾಮೆರಾ ತೆಗೆದ ಫೋಟೋದಲ್ಲಿ ಜಾಗದ ಗುರುತು, ನಾವಾಗಿ ಸೇರಿಸದಿದ್ರೆ, ಇರಲ್ಲ. ಆದ್ರೆ ಕೇಳಿ, ಕೆಲವು ಆ್ಯಪು ಇದರಲ್ಲಿ ಮುನಿಸ್ಕೊಳ್ಳುತ್ತೆ, ನಡೆಯಲ್ಲ. ಮತ್ತೆ ಟವರ್ ಇದೆಯಲ್ಲ, ಸಿಮ್ ಆನ್ ಇದ್ರೆ ಆ ಕಂಪನಿಗೆ ನೀವಿರೋ ಕಡೆ ಗೊತ್ತಾಗೇ ಆಗುತ್ತೆ. ಅದನ್ನ ಯಾವ ವ್ಯವಸ್ಥೆಯೂ ಮುಚ್ಚಲ್ಲ. ಸೇತುವೆ ಹತ್ರ ಹೋಗುವಾಗ ಏರೋಪ್ಲೇನ್ ಮೋಡ್ ಹಾಕ್ಕೊಳ್ಳಿ, ಬಿದ್ರೆ ಮಾತ್ರ ತೆಗೀರಿ."

"ಇದೇ ಇರಲಿ," ಎಂದಳು ಮೇಡಂ. "ತನ್ನಿಂದ ಆಗದ್ದನ್ನ ಆಗಲ್ಲ ಅಂತ ಹೇಳುತ್ತಲ್ಲ, ಅದಕ್ಕೇ."

ನಾದಿನಿ ಕೇಬಲ್ ಚುಚ್ಚಿ, ಬದಿಯ ಗುಂಡಿ ಒತ್ತಿ ಹಿಡಿದು, ಬೀಗ ತೆಗೆಯಲು ಒಪ್ಪಿಗೆ ಕೊಟ್ಟಳು. ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಯಿತು. ಹೊಸ ವ್ಯವಸ್ಥೆ ಇಳಿಯಿತು. ಬೀಗ ಮತ್ತೆ ಬಿತ್ತು. ಫೋನು ಎದ್ದಾಗ ಮೊದಲು ಹಳದಿ ಅಕ್ಷರಗಳಲ್ಲಿ ಒಂದು ಎಚ್ಚರಿಕೆ, ಕೆಳಗೆ ಅಕ್ಷರ-ಅಂಕಿಗಳ ಒಂದು ಸಾಲು. ಆ ವ್ಯವಸ್ಥೆಯ ತಯಾರಕರು ತಮ್ಮ ವೆಬ್ ಪುಟದಲ್ಲಿ ಬರೆದಿಟ್ಟ ಸಾಲನ್ನು ನಾದಿನಿ ಓದುತ್ತಾ ಹೋದಳು, ಮೇಡಂ ಫೋನಿನ ಸಾಲಿನ ಮೇಲೆ ಬೆರಳಿಟ್ಟು ಹೌದು, ಹೌದು ಎನ್ನುತ್ತಾ ಹೋದಳು. ಎಲ್ಲ ಕೂಡಿಬಂತು; ಇಳಿದದ್ದು ಅಸಲಿಯೇ. ಆಮೇಲೆ ಕಪ್ಪು ಪರದೆ, ಬೆರಳೆಣಿಕೆಯ ಚಿತ್ರಗಳು, ಅಷ್ಟೇ. ಕಂಪ್ಯೂಟರಿನಲ್ಲಿ ನೋಡಿದರೆ, ಗಂಟೆ ಎಷ್ಟು ಎಂದು ಒಮ್ಮೆ ಕೇಳಿತು, ಹೊಸ ಅಪ್‌ಡೇಟ್ ಬಂದಿದೆಯೇ ಎಂದು ಒಮ್ಮೆ ವಿಚಾರಿಸಿತು, ಸುಮ್ಮನಾಯಿತು.

ಆ ಸುಮ್ಮನಿರುವಿಕೆಯನ್ನು ಮೇಡಂ ಬಹಳ ಹೊತ್ತು ನೋಡಿದಳು. "ಇದನ್ನ ಯಾರು ಮಾಡಿದ್ದು?"

"ಎಲ್ಲೆಲ್ಲೋ ಇರೋರು. ಕೆಲವರ ನಿಜವಾದ ಹೆಸರೂ ಗೊತ್ತಿಲ್ಲ. ಬರೆದದ್ದನ್ನೆಲ್ಲ ಬಹಿರಂಗವಾಗಿ ಇಟ್ಟಿದಾರೆ, ಯಾರು ಬೇಕಾದ್ರೂ ಓದಬಹುದು, ತಪ್ಪು ಹುಡುಕಬಹುದು."

"ಗುಟ್ಟು ಕಾಯೋ ಯಂತ್ರದಲ್ಲಿ ಒಂದೂ ಗುಟ್ಟಿಲ್ಲ ಅಂತೀಯಾ?"

"ಹೂಂ."

ಮೇಡಂಗೆ ರೋಮಾಂಚನವಾಯಿತು. ತನ್ನ ಗೂಬೆಯನ್ನು ಎಂದೂ ನೋಡದವರು, ತನ್ನ ಹೆಸರೂ ತಿಳಿಯದವರು, ಯಾವುದೋ ಕೋಣೆಯಲ್ಲಿ ಕೂತು, ತನ್ನಂಥವಳೊಬ್ಬಳು ಎಲ್ಲೋ ಇರುತ್ತಾಳೆ ಎಂದು ನಂಬಿ ಇಷ್ಟೆಲ್ಲ ಕಟ್ಟಿದ್ದಾರೆ. ಅವರಿಗೆ ಕೈ ಮುಗಿಯಬೇಕೆನಿಸಿತು. ಯಾವ ದಿಕ್ಕಿಗೆ ಎಂದು ತಿಳಿಯಲಿಲ್ಲ.

ಮರುದಿನದಿಂದ ಅವಳು ಸೇತುವೆಗೆ ಹೋಗತೊಡಗಿದಳು. ಸಾಕ್ಷಿಗೆಂದು ಉಳಿಸಿದ್ದ ಆ್ಯಪಿನ ಸಮೇತ ಹಳೆಯ ಫೋನನ್ನು ಮನೆಯ ಕಪಾಟಿನಲ್ಲಿಟ್ಟಳು. ನದಿಯ ದಡದ ಜೊಂಡಿನ ನಡುವೆ ಕೂತರೆ ಎದುರಿಗೇ ಕಂಬ. ಕಲ್ಲೊಂದು ಬಿದ್ದುಹೋದ ಪೊಟರೆಯಲ್ಲಿ ಹೆಣ್ಣು ಕಾವು ಕೂತಿತ್ತು. ಕಲ್ಲಿನದೇ ಬಣ್ಣ, ಕಲ್ಲಿನದೇ ಗೀರು; ಹಕ್ಕಿ ಎಲ್ಲಿ ಮುಗಿದು ಕಂಬ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಕಲ್ಲೇ ಕಣ್ಣು ತೆರೆದಂತೆ ಎರಡು ಕಿತ್ತಳೆ ಬಣ್ಣದ ಕಣ್ಣುಗಳು ತೆರೆದವು. ಅವು ಅವಳ ಮೇಲೆ ನಿಂತವು. ಮೇಡಂ ಅದೆಷ್ಟು ಗೂಬೆಗಳಿಗೆ ಹತ್ತಿ ತುಂಬಿದ್ದಳೋ. ಆ ನೋಟದ ಎದುರು ತಾನು ಏನೂ ಅರಿಯದವಳು ಎನಿಸಿ, ಫೋನನ್ನು ಎತ್ತಲೂ ಕೈ ಬರಲಿಲ್ಲ.

ಎಷ್ಟೋ ದಿನಗಳ ಮೇಲೆ ಒಂದು ಫೋಟೋ ತೆಗೆದಳು. ಸಂಗ್ರಹಾಲಯದ ಮುಖ್ಯಸ್ಥರು ಅದನ್ನು ಗೋಡೆಗೆ ಹಾಕಬೇಕೆಂದರು. ಫೋಟೋದ ಒಳಗೆ ಜಾಗದ ಗುರುತಿರಲಿಲ್ಲ, ನಿಜ. ಆದರೆ ಸೇತುವೆಯ ಕಲ್ಲು ಇತ್ತಲ್ಲ! ಫೋನಿಗೆ ಗೊತ್ತಿದ್ದದ್ದನ್ನು ಫೋನು ಮುಚ್ಚಿಟ್ಟೀತು. ಕಣ್ಣಿಗೆ ಕಾಣುವುದನ್ನು ತಾನೇ ಮುಚ್ಚಬೇಕು. ಸುತ್ತಲಿನದೆಲ್ಲ ಕತ್ತರಿಸಿ ಒಂದು ಕಣ್ಣನ್ನು ಮಾತ್ರ ಉಳಿಸಿ ಕೊಟ್ಟಳು. ಬಾಗಿಲಗಲದ ಕಾಗದದ ತುಂಬ ಒಂದೇ ಕಿತ್ತಳೆ ಕಣ್ಣು. ಜನ ಅದರ ಎದುರು ಬಂದು ಮಾತು ನಿಲ್ಲಿಸುತ್ತಿದ್ದರು.

ಹಾಗೆ ಬಂದವರಲ್ಲಿ ಒಬ್ಬ ತೆಳ್ಳಗಿನ, ಮೃದು ಮಾತಿನ ಮನುಷ್ಯ. ಹಳೆಯ ಪೀಠೋಪಕರಣಗಳ ವ್ಯಾಪಾರಿಯಂತೆ. ಹಕ್ಕಿ ಎಂದರೆ ಪ್ರಾಣ ಎಂದ. ವಿಸಿಟಿಂಗ್ ಕಾರ್ಡು ಕೊಟ್ಟು, ಪೂರ್ತಿ ಫೋಟೋ ಕಳಿಸಲು ಸಾಧ್ಯವೇ ಎಂದ.

"ಇಲ್ಲ, ಕ್ಷಮಿಸಿ," ಎಂದಳು ಮೇಡಂ.

"ಪರವಾಗಿಲ್ಲ ಬಿಡಿ. ಇದು ಹಳೇ ಫೋಟೋನೇ ಇರಬೇಕು," ಎಂದು ಅವನು ನಕ್ಕ. "ಈ ವರ್ಷ ನೀವು ಹಕ್ಕಿಗಳ ಸಹವಾಸ ಬಿಟ್ಟು ಬೆಳಗ್ಗೆ ಬೆಳಗ್ಗೆ ಬೇಕರಿ ಸುತ್ತ ಓಡಾಡ್ತಿದೀರಲ್ಲ!"

ಮೇಡಂ ಮುಗುಳ್ನಗುತ್ತಲೇ ಇದ್ದಳು. ಬೇಕರಿಯ ಸುತ್ತ? ತಾನು ಬೇಕರಿಯ ಕಡೆ ತಲೆ ಹಾಕಿ ತಿಂಗಳುಗಳಾಗಿದ್ದವು. ಇವನಿಗೆ ಹೀಗೆ ಹೇಳಿದ್ದು ಯಾರು ಎಂದು ಯೋಚಿಸಿದವಳಿಗೆ ಥಟ್ಟನೆ ಹೊಳೆಯಿತು. ಹೇಳಿದ್ದು ನಕ್ಷೆ.

ಅವನು ಹೋದ ಕೂಡಲೇ ಕಾರ್ಡು ಹಿಡಿದು ವನ್ಯಜೀವಿ ಕಚೇರಿಗೆ ಹೋದಳು. ಅಲ್ಲಿಂದ ಸೀದಾ ಮನೆಗೆ. ಕಪಾಟಿನಲ್ಲಿ ಹಳೆಯ ಫೋನಿರಲಿಲ್ಲ. ಅತ್ತೆ ಕೈಚೀಲದಿಂದ ಬ್ರೆಡ್ಡು ತೆಗೆದಿಡುತ್ತಿದ್ದಳು. ಬ್ರೆಡ್ಡಿನ ಹಿಂದೆಯೇ ಫೋನು ಹೊರಬಂತು.

"ಅತ್ತೆ! ಇದನ್ನ ನೀವು ತಗೊಂಡು ಹೋಗ್ತಿದ್ರಾ?"

"ದಿನಾ ಹೋಗ್ತಿದ್ದೆ," ಎಂದಳು ಅತ್ತೆ, ಏನೂ ಆಗಿಲ್ಲವೆಂಬಂತೆ. "ಮೊಟ್ಟೆ ಕದ್ದವನು ಈ ವರ್ಷವೂ ನಕ್ಷೆ ನೋಡ್ತಾ ಕೂತಿರ್ತಾನೆ ಅಲ್ವಾ? 'ಹಕ್ಕಿ' ಇದ್ದಕ್ಕಿದ್ದ ಹಾಗೆ ಮಾಯವಾದ್ರೆ ಅನುಮಾನ ಬರಲ್ವಾ? ನನಗೂ ಮಂಡಿ ನೋವಿಗೆ ನಡೀಬೇಕು ಅಂತ ಡಾಕ್ಟರು ಹೇಳಿದ್ರು. ನಡೆದೆ. ಪಾಪ, ಬೇಕರಿಯವನಿಗೂ ವ್ಯಾಪಾರ ಆಯ್ತು."

"ಒಂದು ಮಾತು ಹೇಳಬಾರದಿತ್ತಾ? ನನಗೆ? ಮಗಳಿಗೆ?"

"ಯಾರಿಗೂ ಹೇಳಲಿಲ್ಲ ಕಣೇ," ಎಂದಳು ಅತ್ತೆ. ಅವಳ ದನಿಯಲ್ಲಿ ಹೆಮ್ಮೆಗಿಂತ ಆಶ್ಚರ್ಯವೇ ಹೆಚ್ಚಿತ್ತು. "ಇಷ್ಟು ದಿನ ಬಾಯಿ ಬಿಡದೆ ಇದ್ದೆ ನೋಡು. ನನ್ನ ಕೈಲಿ ಆಗುತ್ತೆ ಅಂತ ನನಗೇ ಗೊತ್ತಿರಲಿಲ್ಲ."

ಸೊಸೆ ಅವಳನ್ನೇ ನೋಡುತ್ತಾ ನಿಂತಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಹೆಂಗಸನ್ನು ತಾನು ನೋಡಿಯೇ ಇರಲಿಲ್ಲ ಎನಿಸಿತು.

ಆ ವ್ಯಾಪಾರಿಯ ಮೇಲೆ ಬೇರೆ ಊರುಗಳಿಂದಲೂ ದೂರುಗಳಿದ್ದವಂತೆ. ಅಧಿಕಾರಿಣಿ ತನ್ನವರೊಂದಿಗೆ ಹೋಗಿ ಅವನ ಮಳಿಗೆಯ ಹಿಂದಿನ ಕೋಣೆ ತೆಗೆಸಿದಳು. ಸಿಕ್ಕಿದ್ದನ್ನು ಗುರುತಿಸಲು ಮೇಡಂಗೆ ಹೇಳಿಕಳಿಸಿದಳು. ಒಂದರ ಕೆಳಗೊಂದು ಸಾಗುವಾನಿ ಅರೆಗಳು. ಎಳೆದರೆ ಹತ್ತಿಯ ಮೇಲೆ ಮೊಟ್ಟೆಗಳು: ಆಕಾಶದ ಬಣ್ಣದವು, ಮಸಿ ಚೆಲ್ಲಿದಂಥವು, ಉಗುರಿನಷ್ಟು ಚಿಕ್ಕವು. ಎಲ್ಲವೂ ಸಣ್ಣ ತೂತು ಕೊರೆದು ಒಳಗಿನದನ್ನು ಊದಿ ತೆಗೆದವು. ಅವುಗಳ ಚೆಲುವಿಗೆ ಬೆರಗಾಗದೆ ಇರಲು ಅವಳಿಗೆ ಆಗಲಿಲ್ಲ; ಅದಕ್ಕೇ ಇನ್ನೂ ಹೆಚ್ಚು ಸಂಕಟವಾಯಿತು. ಕೊನೆಯ ಅರೆಯಲ್ಲಿ ದುಂಡಗಿನ, ಬೆಳ್ಳನೆಯ ಮೊಟ್ಟೆಗಳಿದ್ದವು. ಪಕ್ಕದ ಚೀಟಿಯಲ್ಲಿ ಕಲ್ಲುಗಣಿಯ ಹೆಸರಿತ್ತು. ಅವಳು ಒಂದನ್ನು ಅಂಗೈಯಲ್ಲಿಟ್ಟುಕೊಂಡಳು. ಅದಕ್ಕೆ ತೂಕವೇ ಇರಲಿಲ್ಲ. ಮೊಕದ್ದಮೆ ಹೂಡಿದರು, ಮುಂದೆ ಅವನಿಗೆ ಶಿಕ್ಷೆಯೂ ಆಯಿತು.

ಆ ಬೇಸಿಗೆ ಕಾಲಿಡುವ ಹೊತ್ತಿಗೆ ಅತ್ತೆ ತಾನೂ ಬರುತ್ತೇನೆ ಎಂದಳು. ಸಂಜೆ ನಾದಿನಿಯೂ ಸೇರಿ ಮೂವರೂ ಹೋಗಿ ಜೊಂಡಿನ ನಡುವೆ ಕೂತರು. ಹೊಸ ಫೋನು ಮೇಡಂನ ಜೇಬಿನಲ್ಲಿ ಕಲ್ಲಿನಂತೆ ಬಿದ್ದಿತ್ತು. ಪೊಟರೆಯ ಬಾಯಲ್ಲಿ ಬೂದು ತುಪ್ಪುಳಿನ ಮೂರು ಮರಿಗಳು ಒಂದನ್ನೊಂದು ನೂಕುತ್ತಾ ನಿಂತಿದ್ದವು. ತಾಯಿ ಎದುರು ದಡದ ಮರದಿಂದ ಕರೆಯುತ್ತಿತ್ತು, ಕಾಲಲ್ಲಿ ಬೇಟೆ ಇದ್ದರೂ ತಂದುಕೊಡುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಮರಿ ಅಂಚಿಗೆ ಬಂತು, ಹಿಂದೆ ಸರಿಯಿತು, ಮತ್ತೆ ಬಂತು. ನಾದಿನಿ ಅಮ್ಮನ ಕೈ ಹಿಡಿದುಕೊಂಡಳು.

ಮರಿ ಬಿದ್ದಂತೆಯೇ ಇತ್ತು. ನೀರಿನ ಹತ್ತಿರ ಬಂದಾಗ ರೆಕ್ಕೆಗಳು ಬಿಚ್ಚಿಕೊಂಡವು. ಅಷ್ಟು ಪುಟ್ಟ ದೇಹದಲ್ಲಿ ಅಷ್ಟು ಅಗಲದ ರೆಕ್ಕೆ ಎಲ್ಲಿ ಮಡಚಿ ಕೂತಿತ್ತೋ! ಅವರ ತಲೆಯ ಮೇಲೆ, ಕೈ ಚಾಚಿದರೆ ಸಿಗುವಷ್ಟು ಕೆಳಗೆ ಹಾದುಹೋಯಿತು. ಗಾಳಿ ಮುಖಕ್ಕೆ ತಾಕಿತು. ಸದ್ದು ಮಾತ್ರ ಎಳ್ಳಷ್ಟೂ ಇರಲಿಲ್ಲ.

ಮೇಡಂ ಪಕ್ಕಕ್ಕೆ ತಿರುಗಿದಳು. ಅತ್ತೆಯ ಬಾಯಿ ತೆರೆದಿತ್ತು, ಮಾತು ಬರುತ್ತಿರಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒಂದು ಸುತ್ತು ಹಾಕಿ ಎದುರು ದಡದ ಕೊಂಬೆಯ ಮೇಲೆ ಮರಿ ಹೇಗೋ ತೂಗಾಡಿ ನಿಂತು, ಹೊರಳಿ ಕಂಬದ ಕಡೆ ನೋಡಿತು. ಎರಡನೆಯ ಮರಿ ಅಂಚಿಗೆ ಬರುತ್ತಿತ್ತು.